ಸೈನ್ ಅಲೆಯ ನಾಲ್ಕು ತಿರುಪುಗಳು: ಐದು ಚುಕ್ಕೆ ಹಿಡಿದು ನಕ್ಷೆ ಬರೆಯುವ ಬಗೆ, ಓದುವ ಬಗೆ

ವೈ = ಸೈನ್(2ಎಕ್ಸ್ − 60°) ಎಂಬುದರ ನಕ್ಷೆ ಬರೆಯಿರಿ ಎಂದು ಗ್ರಾಫ್ ಹಾಳೆ ಕೈಗೆ ಕೊಟ್ಟರೆ, ಪಿಯುಸಿ ಓದುವ ಎಷ್ಟೋ ಮಕ್ಕಳು ಅಲೆಯನ್ನು 60 ಡಿಗ್ರಿ ಬಲಕ್ಕೆ ಸರಿಸಿಬಿಡುತ್ತಾರೆ. ನಾನೂ ಒಂದು ಕಾಲದಲ್ಲಿ ಹಾಗೆಯೇ ಬರೆದು ಉತ್ತರಪತ್ರಿಕೆಯ ಮೇಲೆ ಕೆಂಪು ಗೀಟು ಹಾಕಿಸಿಕೊಂಡವನು. ಸರಿಯಾದ ಉತ್ತರ 30 ಡಿಗ್ರಿ. ಏಕೆ ಎಂದು ಕೇಳಿದ್ದಕ್ಕೆ ಮೇಷ್ಟ್ರು, "ಎರಡನ್ನು ಹೊರಗೆ ತೆಗೆಯಬೇಕಪ್ಪ, ಅಷ್ಟೇ" ಎಂದರು. ಮುಂದಿನ ಪರೀಕ್ಷೆಯಲ್ಲಿ ತೆಗೆದೆ, ಅಂಕವೂ ಬಂತು. ಆದರೆ ಏಕೆ ತೆಗೆಯಬೇಕು ಎಂಬುದು ತಲೆಗೆ ಇಳಿಯಲು ಮತ್ತೂ ಕೆಲವು ವರ್ಷಗಳು ಹಿಡಿದವು. ಈ ಬರಹ ಆ 'ಏಕೆ'ಯ ಸಲುವಾಗಿ.

ಸೈನ್ ಫಲನದ ಪೂರ್ಣ ರೂಪ ಹೀಗಿದೆ:

ವೈ = ಎ ಸೈನ್[ಬಿ(ಎಕ್ಸ್ − ಸಿ)] + ಡಿ

ಎ, ಬಿ, ಸಿ, ಡಿ ಇವೇ ಆ ನಾಲ್ಕು ನಿಯತಾಂಕಗಳು. ಕಾಲೇಜಿನಲ್ಲಿ ಪ್ಯಾರಾಮೀಟರ್ ಎನ್ನುತ್ತಾರೆ. ನನಗೆ ತಿರುಪು ಎಂಬ ಮಾತೇ ಹಿತ. ಹಳೆಯ ರೇಡಿಯೊದಲ್ಲಿ ಸದ್ದಿಗೊಂದು, ಸ್ಟೇಷನ್ನಿಗೊಂದು ತಿರುಪು ಇದ್ದ ಹಾಗೆ, ಇಲ್ಲಿಯೂ ಒಂದೊಂದು ತಿರುಪಿಗೆ ಒಂದೊಂದೇ ಕೆಲಸ. ಇವುಗಳಲ್ಲಿ ಎ ಮತ್ತು ಡಿ ಸೈನ್‌ನ ಹೊರಗೆ ಕುಳಿತಿವೆ. ಬಿ ಮತ್ತು ಸಿ ಆವರಣದ ಒಳಗಿವೆ. ಹೊರಗಿನ ಎರಡು ಹೇಳಿದಂತೆ ಕೇಳುತ್ತವೆ: 3 ಎಂದರೆ ಮೂರು ಪಟ್ಟು ಎತ್ತರ, +5 ಎಂದರೆ ಐದು ಮೇಲೆ. ಒಳಗಿನ ಎರಡು ಮಾತ್ರ ಹೇಳಿದ್ದಕ್ಕೆ ತಿರುಗುಮುರುಗು: ಬಿ ಹಿಗ್ಗಿದರೆ ಅಲೆ ಕುಗ್ಗುತ್ತದೆ, ಸಿಯನ್ನು ಕಳೆದರೆ ಅಲೆ ಮುಂದಕ್ಕೆ ಸರಿಯುತ್ತದೆ. ಇದನ್ನು ಬಾಯಿಪಾಠ ಮಾಡಿಕೊಂಡವರು ಪರೀಕ್ಷೆಯ ದಿನ ಎಡವೋ ಬಲವೋ ಎಂದು ತಡವರಿಸುತ್ತಾರೆ. ಬಾಯಿಪಾಠ ಬೇಡ. ಐದು ಚುಕ್ಕೆಗಳ ಬೆನ್ನು ಹತ್ತಿದರೆ ಸಾಕು.

ಹೆಜ್ಜೆ 1: ಬರೀ ಸೈನ್ ಅಲೆಯನ್ನು ಕೈಯಲ್ಲೇ ಬರೆಯಿರಿ

ಕಂಪ್ಯೂಟರ್ ಆಮೇಲೆ. ಮೊದಲು ಗ್ರಾಫ್ ಹಾಳೆ, ಚೂಪಾದ ಪೆನ್ಸಿಲ್, ಎರಡು ಬಣ್ಣದ ಪೆನ್ನು ಇಟ್ಟುಕೊಳ್ಳಿ. ಅಡ್ಡಕ್ಕೆ 1 ಸೆಂಟಿಮೀಟರಿಗೆ 30 ಡಿಗ್ರಿ, ಉದ್ದಕ್ಕೆ 2 ಸೆಂಟಿಮೀಟರಿಗೆ ಒಂದು ಮಾನ ಎಂದು ಅಳತೆ ಹಿಡಿಯಿರಿ. ಆಗ ಒಂದು ಪೂರ್ತಿ ಅಲೆ ಹಾಳೆಯ ಮೇಲೆ 12 ಸೆಂಟಿಮೀಟರ್ ಅಗಲಕ್ಕೆ ಬರುತ್ತದೆ. ಈ ಐದು ಚುಕ್ಕೆಗಳನ್ನು ಇಡಿ:

ಎಕ್ಸ್ 0° ಇದ್ದಾಗ ವೈ 0 (ಆರಂಭ)
ಎಕ್ಸ್ 90° ಇದ್ದಾಗ ವೈ 1 (ನೆತ್ತಿ)
ಎಕ್ಸ್ 180° ಇದ್ದಾಗ ವೈ 0 (ನಡು)
ಎಕ್ಸ್ 270° ಇದ್ದಾಗ ವೈ −1 (ತಳ)
ಎಕ್ಸ್ 360° ಇದ್ದಾಗ ವೈ 0 (ಮುಕ್ತಾಯ)

ಆರಂಭ, ನೆತ್ತಿ, ನಡು, ತಳ, ಮುಕ್ತಾಯ ಎಂಬ ಹೆಸರುಗಳು ನಾನು ಇಟ್ಟವು. ಮುಂದೆ ಅಲೆ ಎಷ್ಟೇ ಹಿಗ್ಗಲಿ, ಎಲ್ಲಿಗೇ ಸರಿಯಲಿ, ಈ ಐವರು ಇದೇ ಸಾಲಿನಲ್ಲಿ, ಸಮಾನ ಅಂತರದಲ್ಲಿ ಬರುತ್ತಾರೆ. ನಮ್ಮ ಕೆಲಸ ಇವರು ಎಲ್ಲಿಗೆ ಹೋದರು ಎಂದು ಪತ್ತೆ ಮಾಡುವುದಷ್ಟೇ.

ಚುಕ್ಕೆಗಳನ್ನು ಕೂಡಿಸುವಾಗ ಸ್ವಲ್ಪ ನಿಧಾನ. ಕೆಲವರು ಅಡಿಕೋಲಿನಿಂದ ಗೆರೆ ಎಳೆದು ಗರಗಸದ ಹಲ್ಲು ಮಾಡುತ್ತಾರೆ, ಇನ್ನು ಕೆಲವರು ಕೈವಾರ ಹಿಡಿದು ಅರ್ಧ ವೃತ್ತಗಳನ್ನು ಅಂಟಿಸುತ್ತಾರೆ. ಎರಡೂ ತಪ್ಪು. 30 ಡಿಗ್ರಿಯಲ್ಲಿ ಸೈನ್ ಬೆಲೆ 0.5, 60 ಡಿಗ್ರಿಯಲ್ಲಿ ಸುಮಾರು 0.87. ಅಂದರೆ ನೆತ್ತಿಗೆ ಹೋಗುವ ದಾರಿಯ ಮೂರನೆಯ ಒಂದು ಭಾಗ ನಡೆಯುವಷ್ಟರಲ್ಲಿ ಅರ್ಧ ಎತ್ತರ ಏರಿಯಾಗಿರುತ್ತದೆ. ಕೊನೆಯ ಮೂರನೆಯ ಭಾಗದಲ್ಲಿ ಏರುವುದು 0.13 ಮಾತ್ರ. ನಡುವಿನ ಗೆರೆಯನ್ನು ದಾಟುವಾಗ ಕಡಿದಾದ ಏರು, ನೆತ್ತಿಯ ಬಳಿ ಬಹುಮಟ್ಟಿಗೆ ಸಪಾಟು. ನಾವು ಹಿಡಿದ ಅಳತೆಯಲ್ಲಿ ಅಲೆ ಮೂಲಬಿಂದುವನ್ನು ಹೆಚ್ಚುಕಡಿಮೆ 45 ಡಿಗ್ರಿ ಓರೆಯಲ್ಲಿ ದಾಟಬೇಕು. ನಿಮ್ಮ ಹಾಳೆಯಲ್ಲಿ ಹಾಗೆ ದಾಟಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಹೆಜ್ಜೆ 2: ಎ ತಿರುಪು, ಅಂದರೆ ಎತ್ತರ

ವೈ = 3 ಸೈನ್ ಎಕ್ಸ್ ಎಂದರೆ ಪ್ರತಿ ಚುಕ್ಕೆಯ ಎತ್ತರವೂ ಮೂರು ಪಟ್ಟು. ನೆತ್ತಿ 3ಕ್ಕೆ ಏರುತ್ತದೆ, ತಳ −3ಕ್ಕೆ ಇಳಿಯುತ್ತದೆ. ಆರಂಭ, ನಡು, ಮುಕ್ತಾಯ ಇದ್ದಲ್ಲೇ ಇರುತ್ತವೆ, ಏಕೆಂದರೆ ಸೊನ್ನೆಯನ್ನು ಮೂರರಿಂದ ಗುಣಿಸಿದರೂ ಸೊನ್ನೆಯೇ. ಇದನ್ನು ಬಣ್ಣದ ಪೆನ್ನಿನಿಂದ ಅದೇ ಹಾಳೆಯಲ್ಲಿ ಬರೆದರೆ ಎರಡು ಅಲೆಗಳೂ ಎಕ್ಸ್ ಅಕ್ಷವನ್ನು ಒಂದೇ ಜಾಗಗಳಲ್ಲಿ ದಾಟುವುದು ಕಣ್ಣಿಗೆ ಬೀಳುತ್ತದೆ.

ಮಧ್ಯರೇಖೆಯಿಂದ ನೆತ್ತಿಯವರೆಗಿನ ಈ ಎತ್ತರಕ್ಕೆ ವಿಜ್ಞಾನದ ಪಾಠದಲ್ಲಿ ಪಾರ ಎಂಬ ಹೆಸರಿದೆ. ಇಲ್ಲಿ ಎರಡು ತಪ್ಪುಗಳು ಮತ್ತೆ ಮತ್ತೆ ಆಗುತ್ತವೆ. ಒಂದು, ತಳದಿಂದ ನೆತ್ತಿಯವರೆಗೆ ಅಳೆದು ಅದನ್ನೇ ಪಾರ ಎನ್ನುವುದು. ಅದು ಪಾರದ ಎರಡು ಪಟ್ಟು. ಇನ್ನೊಂದು, ವೈ = −2 ಸೈನ್ ಎಕ್ಸ್ ಕೊಟ್ಟಾಗ ಪಾರ −2 ಎಂದು ಬರೆಯುವುದು. ಎತ್ತರ ಋಣವಾಗುವುದಿಲ್ಲ, ಪಾರ 2. ಋಣ ಚಿಹ್ನೆಯ ಕೆಲಸ ಬೇರೆ: ಅದು ಅಲೆಯನ್ನು ತಲೆಕೆಳಗು ಮಾಡುತ್ತದೆ. 90 ಡಿಗ್ರಿಯಲ್ಲಿ ನೆತ್ತಿಯ ಬದಲು ತಳ, 270ರಲ್ಲಿ ತಳದ ಬದಲು ನೆತ್ತಿ.

ಈ ತಿರುಪಿನ ಬಗ್ಗೆ ಹೇಳುವಾಗ ಆರ್ಯಭಟನನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ಕ್ರಿ.ಶ. 499ರ ಹೊತ್ತಿಗೆ ಅವನು ಕೊಟ್ಟ ಜ್ಯಾ ಕೋಷ್ಟಕದಲ್ಲಿ 0ಯಿಂದ 90 ಡಿಗ್ರಿಯವರೆಗೆ, 3 ಡಿಗ್ರಿ 45 ಕಲೆಗಳ (ಒಂದು ಡಿಗ್ರಿಗೆ 60 ಕಲೆ) ಅಂತರದಲ್ಲಿ 24 ಮೆಟ್ಟಿಲುಗಳಿವೆ. ಮೊದಲ ಬೆಲೆ 225. ಸೈನ್ ಬೆಲೆ ಒಂದನ್ನು ಮೀರುವುದಿಲ್ಲವಲ್ಲ, 225 ಎಲ್ಲಿಂದ ಬಂತು? ಅವನ ವೃತ್ತದ ತ್ರಿಜ್ಯ 1 ಅಲ್ಲ, 3438. ವೃತ್ತದ ಸುತ್ತಳತೆಯನ್ನು 21600 ಕಲೆಗಳಾಗಿ ಹಂಚಿದರೆ ತ್ರಿಜ್ಯ ಅಷ್ಟೇ ಕಲೆಗಳಾಗುತ್ತದೆ. ಕ್ಯಾಲ್ಕುಲೇಟರಿನಲ್ಲಿ 3438ನ್ನು ಸೈನ್ 3.75°ಯಿಂದ ಗುಣಿಸಿ ನೋಡಿ, 225ಕ್ಕೆ ಕೂದಲೆಳೆಯಷ್ಟು ಕಡಿಮೆ ಬರುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಆರ್ಯಭಟನ ಅಲೆಯಲ್ಲಿ ಎ = 3438. ತ್ರಿಜ್ಯವೇ ಪಾರ. ಅಂದಹಾಗೆ ಸೈನ್ ಎಂಬ ಹೆಸರೂ ಈ ಜ್ಯಾ ಎಂಬ ಮಾತಿನಿಂದಲೇ ಹೊರಟು, ಅರಬ್ಬಿಯಲ್ಲಿ ಜೀಬ ಆಗಿ, ಅದನ್ನು ಜೈಬ್ ಎಂದು ತಪ್ಪಾಗಿ ಓದಿ ಲ್ಯಾಟಿನ್ನಿಗೆ ಸೈನಸ್ ಎಂದು ಅನುವಾದಿಸಿದ್ದರಿಂದ ಹುಟ್ಟಿದ್ದು. ಬಿಲ್ಲಿನ ಹೆದೆ ಎಂಬ ಅರ್ಥದ ಮಾತು ಹೀಗೆ ಮಡಿಲು, ಕೊಲ್ಲಿ ಎಂಬ ಅರ್ಥದ ಮಾತಾಗಿ ಕುಳಿತಿದೆ.

ಹೆಜ್ಜೆ 3: ಡಿ ತಿರುಪು, ಅಂದರೆ ಮಧ್ಯರೇಖೆ

ಇದರಲ್ಲಿ ತೊಡಕೇನೂ ಇಲ್ಲ. ವೈ = 2 ಸೈನ್ ಎಕ್ಸ್ + 5 ಎಂದರೆ ಐದು ಚುಕ್ಕೆಗಳೂ ಒಟ್ಟಿಗೆ 5 ಮೇಲಕ್ಕೆ. ಮೊದಲು 5ರ ಎತ್ತರದಲ್ಲಿ ತುಂಡು ಗೆರೆಯೊಂದನ್ನು ಎಳೆದುಬಿಡಿ. ಅದೇ ಹೊಸ ಮಧ್ಯರೇಖೆ. ಅದರಿಂದ ಎರಡು ಮೇಲೆ, ಎರಡು ಕೆಳಗೆ. ಅಲೆ 3 ಮತ್ತು 7ರ ನಡುವೆ ಆಡುತ್ತದೆ, ಎಕ್ಸ್ ಅಕ್ಷವನ್ನು ಮುಟ್ಟುವುದೇ ಇಲ್ಲ. ಎಚ್ಚರಿಕೆ ಒಂದೇ: ಮೊದಲು ಎಯಿಂದ ಗುಣಿಸಿ, ಆಮೇಲೆ ಡಿಯನ್ನು ಕೂಡಿಸಬೇಕು. ತಿರುಗಿಸಿದರೆ 2(ಸೈನ್ ಎಕ್ಸ್ + 5) ಆಗಿ ಮಧ್ಯರೇಖೆ 10ಕ್ಕೆ ಹಾರುತ್ತದೆ.

ಹೆಜ್ಜೆ 4: ಬಿ ತಿರುಪು, ಅಂದರೆ ಅಲೆಯ ಅಗಲ

ಈಗ ಆವರಣದ ಒಳಗೆ ಕಾಲಿಡೋಣ. ವೈ = ಸೈನ್ 2ಎಕ್ಸ್. ಇಲ್ಲಿ ಸೈನ್‌ಗೆ ಕಾಣುವುದು ಎಕ್ಸ್ ಅಲ್ಲ, 2ಎಕ್ಸ್. ಅದನ್ನು ಒಳಗಿನ ಕೋನ ಎನ್ನೋಣ. ಸೈನ್‌ಗೆ ಗೊತ್ತಿರುವುದು ಇಷ್ಟೇ: ಒಳಗಿನ ಕೋನ 0 ಆದಾಗ ಆರಂಭ, 90 ಆದಾಗ ನೆತ್ತಿ, 360 ಆದಾಗ ಮುಕ್ತಾಯ. ಹೊರಗೆ ಎಕ್ಸ್ ಎಷ್ಟಿದೆ ಎಂಬ ಪರಿವೆ ಅದಕ್ಕಿಲ್ಲ. ಆದ್ದರಿಂದ ನಾವು ಕೇಳಬೇಕಾದ ಪ್ರಶ್ನೆ: ಒಳಗಿನ ಕೋನ 360 ಆಗಬೇಕಾದರೆ ಎಕ್ಸ್ ಎಷ್ಟಾಗಬೇಕು? 2ಎಕ್ಸ್ = 360, ಅಂದರೆ ಎಕ್ಸ್ = 180. ದಿನಗೂಲಿ ದುಪ್ಪಟ್ಟಾದರೆ ಅದೇ ಸಾಲ ಅರ್ಧ ದಿನಗಳಲ್ಲಿ ತೀರುವ ಹಾಗೆ, ಬಿ ದುಪ್ಪಟ್ಟಾದರೆ ಅದೇ ಅಲೆ ಅರ್ಧ ಅಗಲದಲ್ಲಿ ಮುಗಿಯುತ್ತದೆ. ಒಳಗಿನ ತಿರುಪುಗಳು ಉಲ್ಟಾ ಕಾಣುವುದರ ಗುಟ್ಟೆಲ್ಲ ಇಷ್ಟೇ. ಹೊರಗಿನವು ಉತ್ತರವನ್ನು ಬದಲಿಸುತ್ತವೆ, ಒಳಗಿನವು ಆ ಉತ್ತರ ಸಿಗುವ ಹೊತ್ತನ್ನು ಬದಲಿಸುತ್ತವೆ.

ಒಂದು ಪೂರ್ತಿ ಅಲೆಯ ಅಗಲಕ್ಕೆ ಆವರ್ತ ಎನ್ನುತ್ತಾರೆ. ಡಿಗ್ರಿಯಲ್ಲಿ ಅದು 360 ÷ ಬಿ, ರೇಡಿಯನ್‌ನಲ್ಲಿ (ಕೋನ ಅಳೆಯುವ ಇನ್ನೊಂದು ಮಾನ; 360 ಡಿಗ್ರಿ ಎಂದರೆ 2ಪೈ ರೇಡಿಯನ್) 2ಪೈ ÷ ಬಿ. ಬಿ = 3 ಆದರೆ 120 ಡಿಗ್ರಿ; ಬಿ = ½ ಆದರೆ 720 ಡಿಗ್ರಿ, ಅಂದರೆ ನಿಮ್ಮ 12 ಸೆಂಟಿಮೀಟರಿನಲ್ಲಿ ಅರ್ಧ ಅಲೆ ಮಾತ್ರ ಕಾಣುತ್ತದೆ. ಐದು ಚುಕ್ಕೆಗಳನ್ನು ಇಡಲು ಆವರ್ತವನ್ನು ನಾಲ್ಕರಿಂದ ಭಾಗಿಸಿ. ಅದೇ ಒಂದು ಚುಕ್ಕೆಯಿಂದ ಇನ್ನೊಂದಕ್ಕಿರುವ ಅಂತರ. ಬಿ ಋಣವಾಗಿದ್ದರೆ ಗಾಬರಿ ಬೇಡ: ಸೈನ್(−2ಎಕ್ಸ್) ಎಂದರೆ −ಸೈನ್ 2ಎಕ್ಸ್. ಆ ಋಣ ಚಿಹ್ನೆಯನ್ನು ಎಗೆ ದಾಟಿಸಿ, ಧನ ಬಿಯೊಂದಿಗೆ ಕೆಲಸ ಮುಂದುವರಿಸಿ.

ಸಂಗೀತ ಬಲ್ಲವರಿಗೆ ಈ ಎರಡು ತಿರುಪುಗಳು ಕಿವಿಯಲ್ಲೇ ಗೊತ್ತು. ದನಿ ಏರಿಸಿ ಹಾಡಿದರೆ ಎ ಹೆಚ್ಚುತ್ತದೆ, ಶ್ರುತಿ ಏರಿಸಿದರೆ ಬಿ ಹೆಚ್ಚುತ್ತದೆ. ಮಧ್ಯಸ್ಥಾಯಿಯ ಷಡ್ಜದಿಂದ ತಾರಸ್ಥಾಯಿಯ ಷಡ್ಜಕ್ಕೆ ಬಿ ಸರಿಯಾಗಿ ಎರಡು ಪಟ್ಟು. ಪಂಚಮಕ್ಕೆ ಒಂದೂವರೆ ಪಟ್ಟು.

ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆಯೋ ರೇಡಿಯನ್‌ನಲ್ಲಿದೆಯೋ ಎಂದು ನೋಡಿಕೊಳ್ಳಬೇಕಾದದ್ದೂ ಇಲ್ಲಿಯೇ. ಸೈನ್ 90 ಒತ್ತಿ. 1 ಬಂದರೆ ಡಿಗ್ರಿ, 0.894 ಬಂದರೆ ರೇಡಿಯನ್. ರೇಡಿಯನ್‌ನಲ್ಲಿರುವ ತೆರೆಯ ಮೇಲೆ ಅಡ್ಡ ಅಕ್ಷವನ್ನು 0ಯಿಂದ 360ರವರೆಗೆ ಇಟ್ಟು ಸೈನ್ ಎಕ್ಸ್ ಬರೆಯಿಸಿದರೆ ಒಂದು ಅಲೆಯ ಬದಲು 57 ಅಲೆಗಳು ಬಾಚಣಿಗೆಯ ಹಲ್ಲಿನಂತೆ ಕಿಕ್ಕಿರಿದು ನಿಲ್ಲುತ್ತವೆ. ಸಮೀಕರಣದಲ್ಲಿ ತಪ್ಪು ಹುಡುಕುತ್ತಾ ಇಡೀ ಸಂಜೆ ಕಳೆದವರನ್ನು ನಾನು ಬಲ್ಲೆ.

ಹೆಜ್ಜೆ 5: ಸಿ ತಿರುಪು, ಅಂದರೆ ಎಲ್ಲಿಂದ ಶುರು

ವೈ = ಸೈನ್(ಎಕ್ಸ್ − 30°). ಒಳಗಿನ ಕೋನ ಸೊನ್ನೆಯಾಗುವುದು ಯಾವಾಗ? ಎಕ್ಸ್ 30 ಆದಾಗ. ಹಾಗಾಗಿ ಆರಂಭದ ಚುಕ್ಕೆ 30ರಲ್ಲಿ, ಅಂದರೆ ಬಲಕ್ಕೆ. ಬಸ್ಸು ಅರ್ಧ ಗಂಟೆ ತಡವಾಗಿ ಹೊರಟಿದೆ ಎನ್ನಿ. ಅದು ಈಗ ಎಲ್ಲಿದೆ ಎಂದು ತಿಳಿಯಲು ಗಡಿಯಾರದ ಹೊತ್ತಿನಿಂದ 30 ನಿಮಿಷ ಕಳೆದು ವೇಳಾಪಟ್ಟಿ ನೋಡುತ್ತೇವೆ. ಕಳೆಯುವುದು ವೇಳಾಪಟ್ಟಿ ನೋಡುವವನ ಲೆಕ್ಕದಲ್ಲಿ. ಬಸ್ಸು ಮಾತ್ರ ಪ್ರತಿ ನಿಲ್ದಾಣಕ್ಕೂ 30 ನಿಮಿಷ ಆಮೇಲೆಯೇ ಬರುತ್ತದೆ. ಸೈನ್(ಎಕ್ಸ್ + 30°) ಬೇಗ ಹೊರಟ ಬಸ್ಸು, ಅದು ಎಡಕ್ಕೆ.

ಈಗ ಮೊದಲಿನ ಲೆಕ್ಕಕ್ಕೆ ಬರೋಣ: ವೈ = ಸೈನ್(2ಎಕ್ಸ್ − 60°). ಸೂತ್ರ ಮರೆತುಬಿಡಿ. ಒಳಗಿನ ಕೋನಕ್ಕೆ ಸಾಲಾಗಿ ಐದು ಬೆಲೆ ಕೊಡಿ, ಎಕ್ಸ್ ಬಿಡಿಸಿ:

2ಎಕ್ಸ್ − 60 = 0, ಎಕ್ಸ್ = 30, ಆರಂಭ
2ಎಕ್ಸ್ − 60 = 90, ಎಕ್ಸ್ = 75, ನೆತ್ತಿ
2ಎಕ್ಸ್ − 60 = 180, ಎಕ್ಸ್ = 120, ನಡು
2ಎಕ್ಸ್ − 60 = 270, ಎಕ್ಸ್ = 165, ತಳ
2ಎಕ್ಸ್ − 60 = 360, ಎಕ್ಸ್ = 210, ಮುಕ್ತಾಯ

ಆರಂಭ 30ರಲ್ಲಿ, ಮುಕ್ತಾಯ 210ರಲ್ಲಿ, ಅಗಲ 180. ಅನುಮಾನವಿದ್ದರೆ 60ನ್ನೇ ಹಾಕಿ ನೋಡಿ: 2 × 60 − 60 = 60, ಸೈನ್ 60° ಸುಮಾರು 0.87. ಅಲ್ಲಿ ಅಲೆ ನೆತ್ತಿಯ ಹತ್ತಿರ ಇದೆ, ಆರಂಭದಲ್ಲಿಲ್ಲ. ಕಾರಣವೂ ಈಗ ಸ್ಪಷ್ಟ. 60 ಎಂಬುದು ಒಳಗಿನ ಕೋನದ ಅಳತೆ; ನಾವು ಹಾಳೆಯ ಮೇಲೆ ಅಳೆಯುವುದು ಎಕ್ಸ್‌ನ ಅಳತೆ. ಎಕ್ಸ್ ಒಂದು ಹೆಜ್ಜೆ ಇಟ್ಟರೆ ಒಳಗಿನ ಕೋನ ಎರಡು ಹೆಜ್ಜೆ ಓಡುವುದರಿಂದ, ಆ 60 ಡಿಗ್ರಿಯ ತಡವನ್ನು ತೀರಿಸಲು ಎಕ್ಸ್‌ಗೆ 30 ಸಾಕು. ಮೇಷ್ಟ್ರು "ಎರಡನ್ನು ಹೊರಗೆ ತೆಗೆ" ಎಂದದ್ದು ಇದನ್ನೇ: 2(ಎಕ್ಸ್ − 30°) ಎಂದು ಬರೆದರೆ ಸಿ ನೇರವಾಗಿ ಕಾಣುತ್ತದೆ.

ಸಿಗೆ ಒಂದೇ ಉತ್ತರವಿಲ್ಲ ಎಂಬುದೂ ನೆನಪಿರಲಿ. ಈ ಅಲೆ 180 ಡಿಗ್ರಿಗೊಮ್ಮೆ ಮರಳಿ ಬರುವುದರಿಂದ ಸಿ = 30 ಎಂದರೂ 210 ಎಂದರೂ −150 ಎಂದರೂ ನಕ್ಷೆ ಒಂದೇ. ಕೊಸೈನ್ ಕೂಡ ಬೇರೆ ಪ್ರಾಣಿಯಲ್ಲ; 90 ಡಿಗ್ರಿ ಎಡಕ್ಕೆ ಸರಿದ ಸೈನ್ ಅದು. ಪುಸ್ತಕದ ಹಿಂದಿನ ಉತ್ತರ ನಿಮ್ಮದಕ್ಕಿಂತ ಬೇರೆ ಕಂಡಾಗ ಅಳಿಸುವ ಮುಂಚೆ ಒಂದೆರಡು ಬೆಲೆ ಹಾಕಿ ತಾಳೆ ನೋಡಿ.

ಹೆಜ್ಜೆ 6: ನಾಲ್ಕೂ ಒಟ್ಟಿಗೆ

ವೈ = −3 ಸೈನ್(2ಎಕ್ಸ್ + 90°) + 1 ಎಂಬುದನ್ನು ಬರೆಯೋಣ. ನನ್ನ ಕ್ರಮ ಯಾವಾಗಲೂ ಒಂದೇ: ಮೊದಲು ಒಳಗಿನದು, ಆಮೇಲೆ ಹೊರಗಿನದು. ಒಳಗಿನ ಕೋನ 0, 90, 180, 270, 360 ಆಗಲು ಎಕ್ಸ್ ಕ್ರಮವಾಗಿ −45, 0, 45, 90, 135 ಆಗಬೇಕು. ಆ ಐದು ಕಡೆ ಬರೀ ಸೈನ್ ಬೆಲೆ 0, 1, 0, −1, 0. ಅವನ್ನು −3ರಿಂದ ಗುಣಿಸಿ 1 ಕೂಡಿಸಿದರೆ 1, −2, 1, 4, 1. ಚುಕ್ಕೆಗಳು ಸಿದ್ಧ: (−45, 1), (0, −2), (45, 1), (90, 4), (135, 1). ಮಧ್ಯರೇಖೆ 1, ಪಾರ 3, ಆವರ್ತ 180, ಅಲೆ ತಲೆಕೆಳಗು. ಮೊದಲ ಸಲಕ್ಕೆ ಹತ್ತು ನಿಮಿಷ ಹಿಡಿದರೂ ನಾಲ್ಕನೆಯ ಲೆಕ್ಕದ ಹೊತ್ತಿಗೆ ಎರಡು ನಿಮಿಷದ ಕೆಲಸ.

ಕೈಗೆ ಇಷ್ಟು ಪಳಗಿದ ಮೇಲೆ ಜಿಯೋಜೀಬ್ರಾ ಅಥವಾ ಡೆಸ್ಮೋಸ್ ಎಂಬ ನಕ್ಷೆ ಬರೆಯುವ ಆ್ಯಪ್ ತೆರೆಯಿರಿ. ಎರಡನ್ನೂ ಮೊಬೈಲಿನಲ್ಲಿ ಹಣ ಕೊಡದೆ ಬಳಸಬಹುದು. ಪೂರ್ಣ ರೂಪವನ್ನು ಅಕ್ಷರಗಳ ಸಮೇತ ಟೈಪ್ ಮಾಡಿದರೆ ಒಂದೊಂದು ಅಕ್ಷರಕ್ಕೂ ಸ್ಲೈಡರ್ ಮಾಡಿಕೊಳ್ಳಬಹುದು. ಡೆಸ್ಮೋಸ್ ಮೊದಲಿಗೆ ರೇಡಿಯನ್‌ನಲ್ಲಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಡಿಗ್ರಿಗೆ ಬದಲಿಸಿಕೊಳ್ಳಿ. ಸುಮ್ಮನೆ ಸ್ಲೈಡರ್ ಎಳೆದಾಡುವುದರಿಂದ ಏನೂ ಬರುವುದಿಲ್ಲ, ಅದು ಸಿನಿಮಾ ನೋಡಿದ ಹಾಗೆ. ಮೂರು ಸ್ಲೈಡರ್ ಅಲುಗಾಡಿಸದೆ ಒಂದನ್ನು ಹಿಡಿದು, ನೆತ್ತಿ ಎಲ್ಲಿಗೆ ಹೋಗುತ್ತದೆ ಎಂದು ಮೊದಲು ಹೇಳಿ, ಆಮೇಲೆ ಎಳೆಯಿರಿ.

ಒಂದು ಪ್ರಯೋಗವನ್ನಂತೂ ಬಿಡಬೇಡಿ. ಸೈನ್(ಬಿಎಕ್ಸ್ − 60°) ಮತ್ತು ಸೈನ್[ಬಿ(ಎಕ್ಸ್ − 30°)] ಎರಡನ್ನೂ ಒಂದೇ ತೆರೆಯಲ್ಲಿ ಬರೆಯಿಸಿ. ಬಿ = 2 ಇದ್ದಾಗ ಒಂದರ ಮೇಲೊಂದು ಕುಳಿತು ಒಂದೇ ಗೆರೆ ಕಾಣುತ್ತದೆ. ಈಗ ಬಿ ಸ್ಲೈಡರನ್ನು ನಿಧಾನವಾಗಿ ಎಳೆಯಿರಿ. ಎರಡನೆಯ ಅಲೆಯ ಆರಂಭದ ಚುಕ್ಕೆಗೆ 30ರಲ್ಲಿ ಮೊಳೆ ಹೊಡೆದ ಹಾಗಿರುತ್ತದೆ. ಉಳಿದ ಅಲೆ ಆ ಮೊಳೆಯ ಸುತ್ತ ಹಾರ್ಮೋನಿಯಂ ತಿದಿಯಂತೆ ಮುದುಡುತ್ತದೆ, ಬಿಚ್ಚುತ್ತದೆ. ಮೊದಲನೆಯದರ ಆರಂಭ ಒಂದೆಡೆ ನಿಲ್ಲುವುದಿಲ್ಲ; ಬಿ = 1ಕ್ಕೆ 60ರಲ್ಲಿ, 3ಕ್ಕೆ 20ರಲ್ಲಿ, 6ಕ್ಕೆ 10ರಲ್ಲಿ. ಎರಡನ್ನು ಹೊರಗೆ ತೆಗೆಯುವುದು ಏಕೆ ಎಂದು ಇನ್ನೊಬ್ಬರಿಗೆ ವಿವರಿಸಬೇಕಾದರೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಹೆಜ್ಜೆ 7: ನಕ್ಷೆಯಿಂದ ಸಮೀಕರಣಕ್ಕೆ

ಉಲ್ಟಾ ಕೆಲಸವೇ ಹೆಚ್ಚು ಸ್ವಾರಸ್ಯದ್ದು. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲು ಜೂನ್ 21ರ ಆಸುಪಾಸಿನಲ್ಲಿ, ಸುಮಾರು 12 ಗಂಟೆ 53 ನಿಮಿಷ. ಅತಿ ಗಿಡ್ಡ ಹಗಲು ಡಿಸೆಂಬರ್ 21-22ರ ಸುಮಾರಿಗೆ, 11 ಗಂಟೆ 22 ನಿಮಿಷದಷ್ಟು. ಅಡ್ಡ ಅಕ್ಷದಲ್ಲಿ ಜನವರಿ 1ರಿಂದ ಎಣಿಸಿದ ದಿನಗಳು, ಉದ್ದ ಅಕ್ಷದಲ್ಲಿ ಹಗಲಿನ ನಿಮಿಷಗಳು ಎಂದಿಟ್ಟುಕೊಂಡರೆ ಇದು ಸೈನ್ ಅಲೆಗೆ ಬಹಳ ಹತ್ತಿರದ್ದು. ತಿರುಪುಗಳನ್ನು ಒಂದೊಂದಾಗಿ ಹುಡುಕೋಣ.

ಡಿ ಮೊದಲು. ಹೆಚ್ಚಿನದು 773 ನಿಮಿಷ, ಕಡಿಮೆಯದು 682. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಸುಮಾರು 727. 12 ಗಂಟೆ ಎಂದರೆ 720 ಅಲ್ಲವೇ, ಈ ಏಳು ನಿಮಿಷ ಎಲ್ಲಿಂದ? ಸೂರ್ಯನ ಮೇಲಂಚು ಕಂಡ ಕೂಡಲೇ ಉದಯ ಎನ್ನುತ್ತೇವೆ, ನಡುಭಾಗ ಬರುವವರೆಗೆ ಕಾಯುವುದಿಲ್ಲ. ಜೊತೆಗೆ ವಾತಾವರಣ ಬೆಳಕನ್ನು ಬಾಗಿಸಿ, ಇನ್ನೂ ದಿಗಂತದ ಕೆಳಗಿರುವ ಸೂರ್ಯನನ್ನು ಎತ್ತಿ ತೋರಿಸುತ್ತದೆ. ಸಂಜೆಯೂ ಹಾಗೆಯೇ.

ಎ: ಹೆಚ್ಚಿನದರಿಂದ ಕಡಿಮೆಯದನ್ನು ಕಳೆದು ಅರ್ಧ ಮಾಡಿದರೆ ಸುಮಾರು 46. ಬಿ: ಆವರ್ತ 365 ದಿನ, ಹಾಗಾಗಿ 360 ÷ 365, ದಿನಕ್ಕೆ ಒಂದು ಡಿಗ್ರಿಗಿಂತ ತುಸು ಕಡಿಮೆ. ಸಿ: ಅಲೆ ಮಧ್ಯರೇಖೆಯನ್ನು ಕೆಳಗಿನಿಂದ ಮೇಲಕ್ಕೆ ದಾಟುವುದು ಮಾರ್ಚ್ 21ರ ವಿಷುವದ (ಹಗಲು ರಾತ್ರಿ ಹೆಚ್ಚುಕಡಿಮೆ ಸಮವಾಗುವ ದಿನದ) ಹೊತ್ತಿಗೆ, ಅದು ವರ್ಷದ 80ನೆಯ ದಿನ. ಸಮೀಕರಣ:

ಹಗಲು = 46 ಸೈನ್[(360 ÷ 365)(ದಿನ − 80)] + 727 ನಿಮಿಷ

ನೆತ್ತಿ ಬರುವುದು 80 + 91 = 171ನೆಯ ದಿನ, ಜೂನ್ 20. ಚೆನ್ನಾಗಿಯೇ ಹೊಂದಿತು. ಆದರೆ ರಾಜ್ಯೋತ್ಸವದ ದಿನ ಹಾಕಿ ನೋಡಿ. ನವೆಂಬರ್ 1 ವರ್ಷದ 305ನೆಯ ದಿನ. 225ನ್ನು 360 ÷ 365ರಿಂದ ಗುಣಿಸಿದರೆ ಸುಮಾರು 222 ಡಿಗ್ರಿ, ಅದರ ಸೈನ್ −0.67. ಹಗಲು 696 ನಿಮಿಷ, ಅಂದರೆ 11 ಗಂಟೆ 36 ನಿಮಿಷ. ನಿಜವಾದ ಹಗಲು ಇದಕ್ಕಿಂತ ಮೂರು ನಾಲ್ಕು ನಿಮಿಷ ಉದ್ದ. ಲೆಕ್ಕ ತಪ್ಪಿಲ್ಲ, ತಪ್ಪು ಅಲೆಯದು. ಭೂಮಿಯ ಕಕ್ಷೆ ದೀರ್ಘವೃತ್ತವಾದ್ದರಿಂದ ಮಾರ್ಚ್ ವಿಷುವದಿಂದ ಸೆಪ್ಟೆಂಬರ್ ವಿಷುವಕ್ಕೆ ಸುಮಾರು 186 ದಿನ, ಅಲ್ಲಿಂದ ಮತ್ತೆ ಮಾರ್ಚಿಗೆ 179 ದಿನ. ಸೈನ್ ಅಲೆಯ ಎರಡು ಅರ್ಧಗಳಾದರೋ ಸರಿಸಮ, ತಲಾ ಸುಮಾರು ನೂರ ಎಂಬತ್ತೆರಡೂವರೆ ದಿನ. ನಾಲ್ಕು ತಿರುಪುಗಳಲ್ಲಿ ಯಾವುದನ್ನು ಎಷ್ಟು ತಿರುಗಿಸಿದರೂ ಒಂದು ಅರ್ಧವನ್ನು ಉದ್ದ, ಇನ್ನೊಂದನ್ನು ಗಿಡ್ಡ ಮಾಡಲಾಗದು. ಅಂಥ ಅಲೆ ಬೇಕಿದ್ದರೆ ಎರಡನೆಯ ಸೈನ್ ಒಂದನ್ನು ಇದರ ಮೇಲೆ ಕೂಡಿಸಬೇಕು.

ಇದೇ ಸಮೀಕರಣ ಹಿಡಿದು ಊರೂರು ಸುತ್ತಿದರೆ ಎ ಒಂದೇ ತಿರುಪು ಎದ್ದು ಕಾಣುವಂತೆ ಬದಲಾಗುತ್ತದೆ. ಬೀದರಿನಲ್ಲಿ ಎ ಸುಮಾರು 64, ದೆಹಲಿಯಲ್ಲಿ 109, ಲಂಡನ್ನಿನಲ್ಲಿ 264. ಸಮಭಾಜಕದ ಬಳಿಯ ಸಿಂಗಪುರದಲ್ಲಿ ಐದು ನಿಮಿಷವೂ ಇಲ್ಲ, ಅಲೆ ಹೆಚ್ಚುಕಡಿಮೆ ಸರಳರೇಖೆ. ಸಿಡ್ನಿಯಲ್ಲಿ −135: ಅದೇ ಬಿ, ಅದೇ ಸಿ, ಅಲೆ ಮಾತ್ರ ತಲೆಕೆಳಗು. ಬೆಂಗಳೂರಿನ ಅಜ್ಜಿ ಜೂನ್ ತಿಂಗಳಲ್ಲಿ ಫೋನ್ ಮಾಡಿ "ಇಷ್ಟು ಬೇಗ ಕತ್ತಲಾಯಿತೇನಮ್ಮ ನಿಮಗೆ?" ಎಂದು ಸಿಡ್ನಿಯ ಮೊಮ್ಮಗಳನ್ನು ಕೇಳಿದರೆ, ಉತ್ತರ ಎಯ ಆ ಋಣ ಚಿಹ್ನೆಯಲ್ಲಿದೆ.

ಹೆಜ್ಜೆ 8: ಸಿ ಒಂದೇ ಬದಲಾದಾಗ

ಕೊನೆಯದಾಗಿ, ಸಿ ತಿರುಪನ್ನು ಕೈಯಲ್ಲಿ ಮುಟ್ಟುವಷ್ಟು ಹತ್ತಿರದಿಂದ ನೋಡೋಣ. ಮನೆಯ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್. ಆ 230 ಪಾರವಲ್ಲ, ಒಂದು ಬಗೆಯ ಸರಾಸರಿ. ಪಾರ ಅದರ ಸುಮಾರು 1.414 ಪಟ್ಟು, 325 ವೋಲ್ಟ್. ಸೆಕೆಂಡಿಗೆ 50 ಅಲೆಗಳು ಎಂದರೆ ಆವರ್ತ 0.02 ಸೆಕೆಂಡ್, ಬಿ = 360 × 50 = 18000 ಡಿಗ್ರಿ.

ಹೊಲದ ಪಂಪ್‌ಸೆಟ್ಟಿಗೆ ಬರುವ ತ್ರೀ ಫೇಸ್ ವಿದ್ಯುತ್ತಿನಲ್ಲಿ ಇಂಥ ಮೂರು ಅಲೆಗಳು ಮೂರು ತಂತಿಗಳಲ್ಲಿ ಬರುತ್ತವೆ. ಮೂರರಲ್ಲೂ ಎ ಒಂದೇ, ಬಿ ಒಂದೇ, ಡಿ ಸೊನ್ನೆ. ಸಿ ಮಾತ್ರ ಬೇರೆ: ಎರಡನೆಯದು ಮೊದಲನೆಯದಕ್ಕಿಂತ 120 ಡಿಗ್ರಿ ತಡ, ಮೂರನೆಯದು 240 ಡಿಗ್ರಿ ತಡ. ಎಚ್ಚರ, ಈ 120 ಒಳಗಿನ ಕೋನದ ಅಳತೆ. ಸಮಯದ ಅಳತೆಯಲ್ಲಿ ಸಿ ಬೇಕಾದರೆ ಬಿಯಿಂದ ಭಾಗಿಸಬೇಕು: 120 ÷ 18000, ಸೆಕೆಂಡಿನ 150ನೆಯ ಒಂದು ಭಾಗ. ಮೊದಲಿನ 60 ಮತ್ತು 30ರ ಕಥೆಯೇ ಇದು. ಮೂರೂ ಅಲೆಗಳನ್ನು ಒಂದೇ ಹಾಳೆಯಲ್ಲಿ ಮೂರು ಬಣ್ಣಗಳಲ್ಲಿ ಬರೆದು, ಯಾವುದಾದರೂ ಒಂದು ಜಾಗದಲ್ಲಿ ನೇರ ಗೆರೆ ಎಳೆದು ಮೂರೂ ಎತ್ತರಗಳನ್ನು ಕೂಡಿಸಿ. ಮೊದಲನೆಯದು ನೆತ್ತಿಯಲ್ಲಿದ್ದಾಗ 325, ಉಳಿದವೆರಡೂ −162.5; ಮೊತ್ತ ಸೊನ್ನೆ. ಎಲ್ಲಿ ಎಳೆದರೂ ಸೊನ್ನೆಯೇ.

ಹೊಸದಾಗಿ ಕೂರಿಸಿದ ಮೋಟರ್ ಕೆಲವೊಮ್ಮೆ ಉಲ್ಟಾ ತಿರುಗುತ್ತದೆ. ಆಗ ಎಲೆಕ್ಟ್ರಿಷಿಯನ್ ಸ್ವಿಚ್ ಆರಿಸಿ, ಮೂರು ತಂತಿಗಳಲ್ಲಿ ಯಾವುವಾದರೂ ಎರಡನ್ನು ಅದಲುಬದಲು ಮಾಡಿ ಕೂರಿಸುತ್ತಾನೆ. ವೋಲ್ಟೇಜು ಅಷ್ಟೇ, ಹರ್ಟ್ಸ್ ಅಷ್ಟೇ. ಬದಲಾದದ್ದು ನೆತ್ತಿಗಳು ಒಂದರ ಹಿಂದೊಂದು ಬರುವ ಸರದಿ. ಸ್ವಿಚ್ ಹಾಕಿದರೆ ಮೋಟರ್ ಸರಿಯಾದ ದಿಕ್ಕಿಗೆ ತಿರುಗುತ್ತದೆ, ಪೈಪಿನಲ್ಲಿ ನೀರು ಬರುತ್ತದೆ.